ಮುಖ ಕಾಣುವಷ್ಟು ಹೊಳೆದ ರೆಕ್ಕೆ

ಕಳೆದ ವಸಂತದ ಒಂದು ಶನಿವಾರ. ನೆದರ್ಲೆಂಡ್ಸ್‌ನ ನೈಋತ್ಯ ಮೂಲೆಯಲ್ಲಿರುವ ಬ್ರೌವರ್ಸ್‌ಡಾಮ್ ಕಟ್ಟೆಯ ಪಕ್ಕ ಕಾರು ನಿಲ್ಲಿಸಿ ವಿಂಡ್‌ಸರ್ಫಿಂಗ್ ಸಾಮಾನು ಜೋಡಿಸುತ್ತಿದ್ದೆವು. ಜೊತೆಗಿದ್ದ ಗೆಳೆಯರು ಧಾರವಾಡದ ಕಡೆಯವರು, ರೋಟರ್‌ಡ್ಯಾಮಿನಲ್ಲಿ ಕೆಲಸ. ಹಳೇ ಟವೆಲಿನಲ್ಲಿ ಸುತ್ತಿಟ್ಟಿದ್ದ ಫಾಯಿಲ್ ರೆಕ್ಕೆಯನ್ನು ಬಿಚ್ಚಿ ನನ್ನ ಕೈಗಿಟ್ಟರು. “ನೋಡ್ರಿ, ಹೊಸಾದಕ್ಕಿಂತ ಚಲೋ ಮಾಡೇನಿ.” ಮಾಡಿದ್ದರು, ನಿಜ. ಬಲಭಾಗದ ಮುಂದಿನ ಅಂಚಿಗೆ ಬಿದ್ದಿದ್ದ ಎರಡು ಕಚ್ಚುಗಳು ಮಾಯವಾಗಿದ್ದವು. 240ನೇ ನಂಬರಿನಿಂದ ಹಿಡಿದು 3000ದವರೆಗೆ ವಾಟರ್ ಪೇಪರ್ ಹಿಡಿದು ಮೂರು ವಾರಾಂತ್ಯ ತಿಕ್ಕಿದ್ದರಂತೆ. ಕೊನೆಗೆ ಕಾರಿಗೆ ಹಚ್ಚುವ ಪಾಲಿಶ್. ರೆಕ್ಕೆಯನ್ನು ಮೇಲೆತ್ತಿ ಹಿಡಿದರೆ ಅದರಲ್ಲಿ ನನ್ನ ಮುಖ, ಹಿಂದಿನ ಮೋಡ ಎರಡೂ ಕಾಣುತ್ತಿದ್ದವು.

ಅರ್ಧ ಗಂಟೆಯಲ್ಲಿ ಅವರು ದಡಕ್ಕೆ ವಾಪಸು ಬಂದರು. ಮೊದಲು 12 ನಾಟ್ ಗಾಳಿಗೆ ನೀರು ಬಿಟ್ಟು ಏಳುತ್ತಿದ್ದ ಬೋರ್ಡು ಈಗ 15 ನಾಟ್‌ಗೂ ತಿಣುಕುತ್ತಿತ್ತು. ಎದ್ದ ಮೇಲೂ ಬಲಕ್ಕೆ ವಾಲುತ್ತಿತ್ತು. ಎಡಗಾಲಿನಲ್ಲಿ ಒತ್ತಿ ಒತ್ತಿ ಮೀನಖಂಡ ಹಿಡಿದುಕೊಂಡಿತ್ತು. ಕಚ್ಚು ಇದ್ದಾಗ ಈ ತೊಂದರೆ ಇರಲಿಲ್ಲ. ರಿಪೇರಿಯ ನಂತರ ಬಂದಿತ್ತು.

ಈ ಲೇಖನ ಆ ರೆಕ್ಕೆಯ ದೆಸೆಯಿಂದ ಹುಟ್ಟಿದ್ದು. ಅವರ ಕೈಗೆಲಸದ ಬಗ್ಗೆ ನನಗೆ ಗೌರವವಿದೆ. ಅಷ್ಟು ತಾಳ್ಮೆ ನನಗಿಲ್ಲ. ಆದರೆ ಆ ತಾಳ್ಮೆಯನ್ನು ದಾರಿ ತಪ್ಪಿಸಿದ ನಂಬಿಕೆ ಒಂದಿದೆ. ಅದು ಅವರೊಬ್ಬರದಲ್ಲ, ಈ ಆಟದ ವಲಯದಲ್ಲೆಲ್ಲ ಹರಡಿರುವುದು. ಅದನ್ನು ಪ್ರಶ್ನಿಸಲೇಬೇಕು ಅನ್ನಿಸಿದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ವಿಂಡ್‌ಸರ್ಫಿಂಗ್ ಅಂದರೆ ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯಲ್ಲಿ ಸಾಗುವುದು. ಹೈಡ್ರೋಫಾಯಿಲ್ ಬಂದ ಮೇಲೆ ಆ ಹಲಗೆಯ ಅಡಿಗೆ ಸುಮಾರು ಒಂದು ಮೀಟರ್ ಉದ್ದದ ಕಂಬ, ಕಂಬದ ತುದಿಗೆ ಅಡ್ಡಲಾಗಿ ವಿಮಾನದಂಥ ಪುಟ್ಟ ಜೋಡಣೆ: ನಡುವೆ ಒಂದು ದಂಡ, ಮುಂದೊಂದು ದೊಡ್ಡ ರೆಕ್ಕೆ, ಹಿಂದೊಂದು ಚಿಕ್ಕದು. ವೇಗ ಬಂದಂತೆ ನೀರೊಳಗಿನ ರೆಕ್ಕೆ ಎತ್ತುಬಲ ಕೊಟ್ಟು ಹಲಗೆಯನ್ನೂ ಆಳನ್ನೂ ನೀರಿನ ಮೇಲಕ್ಕೆ ಎತ್ತಿಬಿಡುತ್ತದೆ. ತತ್ವ ಹೊಸದಲ್ಲ. ಇಟಲಿಯ ಎನ್ರಿಕೊ ಫೋರ್ಲಾನಿನಿ 1906ರಲ್ಲೇ ಮಜ್ಜೋರೆ ಸರೋವರದಲ್ಲಿ ಇಂಥ ದೋಣಿ ಓಡಿಸಿದ್ದ. ಟೆಲಿಫೋನಿನ ಗ್ರಹಾಂ ಬೆಲ್ ಮತ್ತು ಕೇಸಿ ಬಾಲ್ಡ್ವಿನ್ ಕಟ್ಟಿದ ಎಚ್‌ಡಿ-4 ದೋಣಿ 1919ರಲ್ಲಿ ಕೆನಡಾದಲ್ಲಿ ಗಂಟೆಗೆ 114 ಕಿ.ಮೀ. ಮುಟ್ಟಿತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಮಾರ್ಸೇಲ್ ಕಡಲಿನಲ್ಲಿ, ವಿಂಡ್‌ಸರ್ಫಿಂಗ್ ಸ್ಪರ್ಧೆ ಮೊದಲ ಬಾರಿಗೆ ಫಾಯಿಲ್ ಮೇಲೆ ನಡೆಯಿತು. ಐಕ್ಯೂಫಾಯಿಲ್ ಅನ್ನುವ ಆ ವರ್ಗದ ಮುಂದಿನ ರೆಕ್ಕೆಯ ವಿಸ್ತೀರ್ಣ 900 ಚದರ ಸೆಂಟಿಮೀಟರ್. ದಿನಪತ್ರಿಕೆಯ ಒಂದು ಪುಟಕ್ಕಿಂತ ಕಡಿಮೆ. ಅಷ್ಟರ ಮೇಲೆ ಒಬ್ಬ ಮನುಷ್ಯ, ಹಲಗೆ, ಹಾಯಿ, ಎಲ್ಲ ಸೇರಿ ನೂರು ಕಿಲೋದಷ್ಟು ಭಾರ ನಿಲ್ಲುತ್ತದೆ.

ಇಂಥ ರೆಕ್ಕೆಗೆ ಪೆಟ್ಟು ಬೀಳದೆ ಇರದು. ಬ್ರೌವರ್ಸ್‌ಡಾಮ್ 1971ರಲ್ಲಿ ಪೂರ್ತಿಯಾದ ಕಟ್ಟೆ. ಅದರ ಒಳಗಿರುವುದು ಗ್ರೇವಲಿಂಗನ್ ಎಂಬ ಉಪ್ಪುನೀರಿನ ಸರೋವರ. ಅದರ ತಳದಲ್ಲಿ ಜಪಾನ್ ಮೂಲದ ಆಯ್ಸ್ಟರ್ ಸಿಂಪಿಗಳು ಗೊಂಚಲುಗೊಂಚಲಾಗಿ ಬೆಳೆದಿವೆ. 1960ರ ದಶಕದಲ್ಲಿ ಸಾಕಣೆಗೆಂದು ಈ ಪ್ರಾಂತಕ್ಕೆ ತಂದವು, ಹಬ್ಬಿ ಊರೇ ಆಗಿವೆ. ಅಂಚು ಬ್ಲೇಡಿನಂತೆ. ಇಳಿಯುವಾಗ ಒಂದು ಹೆಜ್ಜೆ ಆಳ ತಪ್ಪಿ ಲೆಕ್ಕ ಹಾಕಿದರೂ ರೆಕ್ಕೆ ಹೋಗಿ ಅವುಗಳಿಗೆ ಬಡಿಯುತ್ತದೆ. ಕೈಗೆ ಬರುವುದು ಒಂದು ಕಚ್ಚು, ಇಲ್ಲ ಉದ್ದನೆಯ ಗೀರು.

ಆಗ ಯಾರನ್ನು ಕೇಳಿದರೂ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ. ಗೀರು ಅಂದರೆ ವೇಗ ಹೋಯಿತು, ತಿಕ್ಕಿ ನುಣ್ಣಗೆ ಮಾಡು. ನುಣುಪು ಹೆಚ್ಚಿದಷ್ಟೂ ನೀರು ಜಾರುತ್ತದೆ, ಹೊಳೆಯುವ ತನಕ ಬಿಡಬೇಡ. ಕಾರ್ಬನ್ ನಾರು ಕಾಣಿಸಿತೋ, ರೆಕ್ಕೆಯ ಕತೆ ಮುಗಿಯಿತು, ಹೊಸದು ಕೊಂಡುಕೋ. ಈ ಮೂರನ್ನೂ ಅನುಭವಿಗಳೇ ಹೇಳುತ್ತಾರೆ, ಅಂಗಡಿಯವರು ಹೇಳುತ್ತಾರೆ, ಹೊಸಬರು ನಂಬುತ್ತಾರೆ. ಮೂರೂ ತಪ್ಪು ಎಂಬುದು ನನ್ನ ವಾದ. ಪೆಟ್ಟು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಲ್ಲಿ ಬಿದ್ದಿದೆ ಎನ್ನುವುದನ್ನು ಮೊದಲು ನೋಡಬೇಕು. ಕಳೆದುಕೊಂಡದ್ದನ್ನು ತುಂಬಬೇಕು, ಉಳಿದದ್ದನ್ನು ಸವೆಸಬಾರದು. ಪೆಟ್ಟಿನಿಂದ ಕೆಟ್ಟ ರೆಕ್ಕೆಗಳಿಗಿಂತ ರಿಪೇರಿಯಿಂದ ಕೆಟ್ಟ ರೆಕ್ಕೆಗಳನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ಹೊಳಪಿನ ಮೇಲಿನ ಈ ಭಕ್ತಿ ಎಲ್ಲಿಂದ ಬಂತು? ನನಗನ್ನಿಸುವುದು, ಕಾರಿನ ಗ್ಯಾರೇಜಿನಿಂದ. ಡೆಂಟಿಂಗ್, ಪೇಂಟಿಂಗ್ ಮಾಡಿಸಿ ಕಾರು ಈಚೆ ಬಂದಾಗ ನಾವು ನೋಡುವುದು ಬಾಗಿಲಿನಲ್ಲಿ ಬೆಳಕು ಅಲುಗದೆ ಬೀಳುತ್ತದೆಯೋ ಇಲ್ಲವೋ ಅಂತ. ಅಲ್ಲಿ ಕಣ್ಣಿಗೆ ಒಪ್ಪಿದರೆ ಕೆಲಸ ಮುಗಿದ ಹಾಗೆ, ಏಕೆಂದರೆ ಕಾರಿನ ಬಾಗಿಲು ಎತ್ತುಬಲ ಕೊಡಬೇಕಿಲ್ಲ. ರೆಕ್ಕೆಯನ್ನು ಪರೀಕ್ಷಿಸುವುದು ನೀರು. ಅದು ಕೇಳುವ ಪ್ರಶ್ನೆಗಳೇ ಬೇರೆ.

ನುಣುಪು ಎಷ್ಟಿದ್ದರೆ ಸಾಕು ಎಂಬುದಕ್ಕೆ ಲೆಕ್ಕವಿದೆ. ಹರಿಯುವ ನೀರಿನಲ್ಲಿ ವಸ್ತುವಿನ ಮೈಗೆ ಅಂಟಿಕೊಂಡಂತೆ ನಿಧಾನವಾಗಿ ಸಾಗುವ ಒಂದು ತೆಳು ಪದರ ಇರುತ್ತದೆ. ಬೌಂಡರಿ ಲೇಯರ್ ಅನ್ನುತ್ತಾರೆ. ಮೈಯ ಒರಟುತನ ಆ ಪದರದೊಳಗೆ ಹುದುಗಿಹೋಗುವಷ್ಟು ಸಣ್ಣದಿದ್ದರೆ ನೀರಿಗೆ ಅದು ಇಲ್ಲದ ಹಾಗೆಯೇ. ಈ ವಿಷಯದ ಮೇಲೆ ಜರ್ಮನಿಯ ಹೆರ್ಮಾನ್ ಶ್ಲಿಖ್ಟಿಂಗ್ ಬರೆದ ಪಠ್ಯ ಎಂಜಿನಿಯರಿಂಗ್ ಓದಿದ ಅನೇಕರಿಗೆ ಪರಿಚಿತ. ಅಲ್ಲಿ ಬರುವ ಸರಳ ಅಂದಾಜಿನ ಪ್ರಕಾರ, ವೇಗವನ್ನು ಒರಟಿನ ಎತ್ತರದಿಂದ ಗುಣಿಸಿ ನೀರಿನ ಸ್ನಿಗ್ಧತೆಯಿಂದ (ಕೈನೆಮ್ಯಾಟಿಕ್ ವಿಸ್ಕಾಸಿಟಿ) ಭಾಗಿಸಿದಾಗ ಬರುವ ಸಂಖ್ಯೆ 100ರ ಒಳಗಿದ್ದರೆ ಮೈ ನುಣುಪೇ ಎಂದು ಲೆಕ್ಕ. ಫಾಯಿಲ್ ಮೇಲೆ 20 ನಾಟ್ ಅಂದರೆ ಸೆಕೆಂಡಿಗೆ ಸುಮಾರು 10 ಮೀಟರ್. ಲೆಕ್ಕ ಹಾಕಿದರೆ ಬರುವ ಮಿತಿ ಸುಮಾರು 10 ಮೈಕ್ರಾನ್, ಮಿಲಿಮೀಟರಿನ ನೂರನೇ ಒಂದು ಭಾಗ. 30 ನಾಟ್ ವೇಗದಲ್ಲಿ ಅದು 6-7 ಮೈಕ್ರಾನಿಗೆ ಇಳಿಯುತ್ತದೆ. ತಲೆಗೂದಲಿನ ದಪ್ಪ ಇದರ ಹತ್ತು ಪಟ್ಟು.

ಈಗ ವಾಟರ್ ಪೇಪರಿಗೆ ಬನ್ನಿ. 600 ನಂಬರಿನ ಕಾಗದದ ಕಣವೇ 26 ಮೈಕ್ರಾನ್ ಆಸುಪಾಸು. ಕಣ ಪೂರ್ತಿ ಒಳಗೆ ಹೂತು ಗೀರುವುದಿಲ್ಲ, ತುದಿ ಮಾತ್ರ ಕೆರೆಯುತ್ತದೆ. ಒದ್ದೆ ಮಾಡಿ ಹಗುರ ಕೈಯಲ್ಲಿ ತಿಕ್ಕಿದ 600ರ ಗೀರು ಕೆಲವೇ ಮೈಕ್ರಾನ್ ಆಳ. ಅಂದರೆ ನೀರಿನ ಲೆಕ್ಕದಲ್ಲಿ ರೆಕ್ಕೆ ಅಲ್ಲಿಗೇ ನುಣುಪಾಯಿತು. 1000, 2000, 3000, ಅದರ ಮೇಲಿನ ಪಾಲಿಶ್, ಇಷ್ಟೂ ನಮ್ಮ ಕಣ್ಣಿನ ತೃಪ್ತಿಗೆ. ಇದಕ್ಕೆ ವಿರುದ್ಧವಾದ ಇನ್ನೊಂದು ನಂಬಿಕೆಯೂ ಚಾಲ್ತಿಯಲ್ಲಿದೆ: ಮಂಕಾದ ಮೈ ನೀರಿನ ಪದರವನ್ನು ಹಿಡಿದಿಟ್ಟುಕೊಂಡು ಹೊಳಪಿನ ಮೈಗಿಂತ ಜೋರಾಗಿ ಓಡುತ್ತದೆ ಎಂದು. ಅದನ್ನೂ ನಾನು ಒಪ್ಪುವುದಿಲ್ಲ. ಮಿತಿಯೊಳಗೆ ಬಂದ ಮೇಲೆ ಎರಡಕ್ಕೂ ವ್ಯತ್ಯಾಸವಿಲ್ಲ.

ಮೇಣದ ಪಾಲಿಶ್ ಹಚ್ಚಿದ ಮೇಲೆ ನೀರು ಮಣಿಮಣಿಯಾಗಿ ಉರುಳುವುದನ್ನು ತೋರಿಸಿ “ನೋಡಿ, ಹೇಗೆ ಜಾರುತ್ತದೆ” ಅನ್ನುವವರಿದ್ದಾರೆ. ಕೆಸುವಿನ ಎಲೆಯ ಮೇಲೆ ಹನಿ ಉರುಳುವುದು ಗಾಳಿ, ನೀರು, ಎಲೆ ಮೂರೂ ಕೂಡುವ ಕಡೆ ನಡೆಯುವ ಆಟ. ಪೂರ್ತಿ ಮುಳುಗಿದ ರೆಕ್ಕೆಯ ಮೇಲೆ ಹನಿಯೆಲ್ಲಿ ಬಂತು? ಆ ಪಾಲಿಶ್‌ನಲ್ಲಿ ಸಿಲಿಕೋನ್ ಇದ್ದರೆ ಮುಂದೆ ಅದೇ ಜಾಗಕ್ಕೆ ಎಪಾಕ್ಸಿ ಹಚ್ಚಿದಾಗ ಹಿಡಿಯದೆ ಸಿಪ್ಪೆಯಂತೆ ಎದ್ದು ಬರುತ್ತದೆ. ಲಾಭವಿಲ್ಲದ ಕೆಲಸ ಮುಂದಿನ ಕೆಲಸವನ್ನೂ ಕೆಡಿಸಿದ ಹಾಗಾಯಿತು.

ಹಾಗಾದರೆ ಪೆಟ್ಟನ್ನು ಗಮನಿಸದೆ ಬಿಟ್ಟುಬಿಡಬಹುದೇ? ಜಾಗದ ಪ್ರಶ್ನೆ ಬರುವುದು ಇಲ್ಲಿ. ರೆಕ್ಕೆಯ ಮೂಗು, ಅಂದರೆ ಮುಂದಿನ ಅಂಚಿನ ಮೊದಲ ಒಂದು ಸೆಂಟಿಮೀಟರ್, ಉಳಿದ ಮೈಯೆಲ್ಲ ಸೇರಿದರೂ ಅದರ ತೂಕಕ್ಕೆ ಬಾರದು. ನಾಸಾ ಹುಟ್ಟುವ ಮೊದಲು ಅಮೆರಿಕದಲ್ಲಿದ್ದ ನ್ಯಾಕಾ ಸಂಸ್ಥೆ 1945ರಲ್ಲಿ ಹೊರತಂದ 824ನೇ ವರದಿ ಈಗಲೂ ರೆಕ್ಕೆ ವಿನ್ಯಾಸದವರ ಮೇಜಿನ ಮೇಲಿದೆ. ಅದಕ್ಕಾಗಿ 24 ಇಂಚು ಅಗಲದ ಮಾದರಿ ರೆಕ್ಕೆಗಳ ಮೂಗಿಗೆ, ಅಗಲದ 8 ಶೇಕಡಾದಷ್ಟು ದೂರ ಮಾತ್ರ, 0.011 ಇಂಚಿನ ಕಾರ್ಬೊರಂಡಮ್ ಕಣಗಳನ್ನು ಅಂಟಿಸಿ ಗಾಳಿ ಸುರಂಗದಲ್ಲಿ ಪರೀಕ್ಷಿಸಿದರು. ಎಳೆತ ಏರಿತು, ರೆಕ್ಕೆ ಕೊಡಬಲ್ಲ ಗರಿಷ್ಠ ಎತ್ತುಬಲ ಇಳಿಯಿತು. ಮೂಗಿನ ಹಿಂದೆ ಉಳಿದ ಮೈ ನುಣುಪಾಗಿದ್ದರೂ ನೆರವಿಗೆ ಬರಲಿಲ್ಲ.

ಈ ಅಳತೆಯನ್ನು ನಮ್ಮ ರೆಕ್ಕೆಗೆ ಇಳಿಸಿ ನೋಡಿ. ನಡುವಿನಲ್ಲಿ 12 ಸೆಂಟಿಮೀಟರ್ ಅಗಲ ಇರುವ ಫಾಯಿಲ್ ರೆಕ್ಕೆಗೆ ಅದೇ ಪ್ರಮಾಣದ ಒರಟು ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಕೂದಲೆಳೆಯಷ್ಟು. ಸಿಂಪಿಗೆ ಬಡಿದು ಮೂಗಿನಲ್ಲಿ ಅರ್ಧ ಮಿಲಿಮೀಟರ್ ಎದ್ದುನಿಂತ ಚೂರು ಅದರ ಹತ್ತು ಪಟ್ಟು. ಹಿಂಭಾಗದಲ್ಲಿ ಅಂಗೈ ಉದ್ದ ಹರಿದ ಗೀರನ್ನು ನೋಡಿ ನಾವು ಮರುಗುತ್ತೇವೆ. ಮೂಗಿನ ಆ ಚೂರು ಬೆರಳಿಗೆ ಸಿಕ್ಕರೂ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುತ್ತದೆ.

ಇದೇ ಮಾತು ಗಾಳಿಯಂತ್ರದವರಿಗೆ ಚೆನ್ನಾಗಿ ಗೊತ್ತು. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ತಿರುಗುವ ಯಂತ್ರಗಳಿರಲಿ, ಇಲ್ಲಿ ಕಟ್ಟೆಯಾಚೆ ಕಾಣುವವಿರಲಿ, ಮಳೆಹನಿ ಮತ್ತು ದೂಳು ಮೊದಲು ಸವೆಸುವುದು ಅಲಗಿನ ಮುಂದಿನ ಅಂಚನ್ನು, ಅದರಲ್ಲೂ ವೇಗ ಹೆಚ್ಚಿರುವ ತುದಿಯ ಕಡೆ. ವಿದ್ಯುತ್ ಉತ್ಪಾದನೆ ಇಳಿಯುತ್ತದೆಂದು ಹಗ್ಗ ಕಟ್ಟಿಕೊಂಡು ಜೋತಾಡುತ್ತ ರಿಪೇರಿ ಮಾಡುವವರು ಆ ಅಂಚಿಗೆ ಗಮನ ಕೊಡುತ್ತಾರೆ. ಅಲಗಿನ ಹೊಟ್ಟೆಗೆ ಪಾಲಿಶ್ ಹೊಡೆಯುತ್ತ ಯಾರೂ ಕೂರುವುದಿಲ್ಲ.

ಮೂಗಿನಲ್ಲೂ ಒಂದು ಭೇದವಿದೆ. ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ತಗ್ಗಿಗಿಂತ ಉಬ್ಬು ಕೆಟ್ಟದ್ದು. ಮೈಗೆ ತಾಗಿ ಪದರಪದರವಾಗಿ ಹರಿಯುವ ನೀರು ಸಣ್ಣ ಹಳ್ಳವನ್ನು ದಾಟಿ ಮುಂದೆ ಹೋಗಿಬಿಡಬಲ್ಲದು. ಅಷ್ಟೇ ಎತ್ತರದ ದಿಬ್ಬ ಸಿಕ್ಕರೆ ಮುಗ್ಗರಿಸಿ, ಅಲ್ಲಿಂದ ಹಿಂದಕ್ಕೆ ಕದಡಿಕೊಂಡೇ ಸಾಗುತ್ತದೆ. ನನ್ನ ಮೊದಲ ರಿಪೇರಿಯಲ್ಲಿ ಎಪಾಕ್ಸಿ ತುಂಬಿ, ಉಜ್ಜಿ, ಬೆರಳಾಡಿಸಿ ಸಮವಾಗಿದೆ ಎಂದುಕೊಂಡೆ. ತುಂಬಿದ ಜಾಗದ ಸುತ್ತ ಟೇಪಿನ ದಪ್ಪದಷ್ಟು ಒಂದು ಮೆಟ್ಟಿಲು ಉಳಿದಿತ್ತು. ಕಚ್ಚನ್ನು ಹಾಗೇ ಬಿಟ್ಟಿದ್ದರೆ ಆಗುತ್ತಿದ್ದ ನಷ್ಟಕ್ಕಿಂತ ಹೆಚ್ಚು ಆ ಮೆಟ್ಟಿಲಿನಿಂದ ಆಯಿತು ಎಂದು ಈಗ ಅನ್ನಿಸುತ್ತದೆ. ಅಂದಿನಿಂದ ಬೆರಳಿನ ಬದಲು ಉಗುರು ಓಡಿಸುತ್ತೇನೆ. ಬೆರಳಿನ ತುದಿ ಮೆತ್ತಗೆ, ಕ್ಷಮಿಸಿಬಿಡುತ್ತದೆ. ಉಗುರು ಕ್ಷಮಿಸುವುದಿಲ್ಲ.

ಧಾರವಾಡದ ಗೆಳೆಯರ ರೆಕ್ಕೆಗೆ ಆಗಿದ್ದೇನು ಎಂಬುದೂ ಇದರಿಂದ ತಿಳಿಯುತ್ತದೆ. ಅವರು ಕಚ್ಚನ್ನು ತುಂಬಿರಲಿಲ್ಲ. ಕಚ್ಚಿನ ಆಳಕ್ಕೆ ಇಳಿಯುವ ತನಕ ಸುತ್ತಲಿನ ಮೂಗನ್ನೇ ತಿಕ್ಕಿ ಇಳಿಸಿದ್ದರು. ದುಂಡಗಿರಬೇಕಾದ ಮೂಗು ಬಲಭಾಗದಲ್ಲಿ ಒಂದು ಗೇಣು ಉದ್ದ ಚಪ್ಪಟೆಯಾಗಿ, ಹರಿತವಾಗಿತ್ತು. ಹರಿತವಾದ ಮೂಗು ನೀರನ್ನು ಚೆನ್ನಾಗಿ ಸೀಳುತ್ತದೆ ಎಂದು ಚಾಕು, ಕತ್ತಿ ನೋಡಿದ ಮನಸ್ಸಿಗೆ ತೋರುವುದು ಸಹಜ. ಆದರೆ ನಿಧಾನ ವೇಗದಲ್ಲಿ ಎದ್ದು ನಿಲ್ಲಬೇಕಾದಾಗ ರೆಕ್ಕೆ ಮೂಗೆತ್ತಿ ಸಾಗುತ್ತದೆ. ಆಗ ನೀರು ಮೂಗನ್ನು ಬಳಸಿ ಮೇಲ್ಮೈಗೆ ತಿರುಗಬೇಕು. ದುಂಡು ಮೂಗಿನ ಸುತ್ತ ಅದು ಮೈಗಂಟಿ ತಿರುಗುತ್ತದೆ. ಹರಿತ ಮೂಗಿನಲ್ಲಿ ತಿರುವು ಸಾಲದೆ ಮೈ ಬಿಟ್ಟು ಹಾರಿಹೋಗುತ್ತದೆ. ಎತ್ತುಬಲ ಕುಸಿಯುತ್ತದೆ. 12 ನಾಟ್‌ಗೆ ಏಳುತ್ತಿದ್ದದ್ದು 15ಕ್ಕೂ ತಿಣುಕಿದ್ದು, ಎದ್ದಾಗ ಬಲಕ್ಕೆ ವಾಲಿದ್ದು, ಎರಡೂ ಇದರ ಫಲ. ರೆಕ್ಕೆ ಹೊಳೆಯುತ್ತಿತ್ತು, ಅದರ ಎಡಬಲ ಒಂದೇ ಆಗಿ ಉಳಿದಿರಲಿಲ್ಲ.

ಹಿಂದಿನ ಅಂಚಿನ ಬಗ್ಗೆಯೂ ಇಂಥದೇ ತಪ್ಪು ತಿಳಿವಳಿಕೆ. ಅಂಚು ತೆಳುವಾದಷ್ಟು ಒಳ್ಳೆಯದು, ಬ್ಲೇಡಿನಂತೆ ಮಾಡು ಅನ್ನುತ್ತಾರೆ. ವೇಗ ಬಂದಾಗ ಫಾಯಿಲ್ ಕೀರಲು ದನಿಯಲ್ಲಿ ಹಾಡುವುದುಂಟು. ಹಿಂದಿನ ಅಂಚಿನಿಂದ ಕೆಳಗೊಂದು ಮೇಲೊಂದು ಸುಳಿಗಳು ಸರದಿಯಲ್ಲಿ ಕಳಚಿಕೊಳ್ಳುತ್ತವೆ. ಒಂದು ಮಿಲಿಮೀಟರ್ ದಪ್ಪದ ಅಂಚಿನಿಂದ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 1600 ಜೋಡಿ ಸುಳಿಗಳು. ಆ ಸಂಖ್ಯೆ ರೆಕ್ಕೆಯ ಸ್ವಂತ ಕಂಪನದ ಜೊತೆ ಕೂಡಿದರೆ ದನಿ ಏಳುತ್ತದೆ. ಹಡಗಿನ ಪ್ರೊಪೆಲರ್‌ಗಳೂ ಹೀಗೆ ಹಾಡುತ್ತವೆ. ಅಲ್ಲಿನವರು ಅಂಚಿನ ಒಂದು ಮಗ್ಗುಲನ್ನು ಸಣ್ಣಗೆ ಓರೆಯಾಗಿ ಕತ್ತರಿಸಿ ಎರಡು ಕಡೆಯ ಸುಳಿಗಳ ಸರದಿ ತಪ್ಪಿಸುತ್ತಾರೆ, ದನಿ ನಿಲ್ಲುತ್ತದೆ. ಫಾಯಿಲ್‌ಗೂ ಅದೇ ಮದ್ದು: 400ರ ಕಾಗದ ಸುತ್ತಿದ ಪಟ್ಟಿ ಹಿಡಿದು ಒಂದೇ ಮಗ್ಗುಲಿಗೆ, ತುದಿಯಿಂದ ತುದಿಗೆ, ಎಣಿಸಿ ಎಳೆಯುವುದು. ಎಡಕ್ಕೆ ಇಪ್ಪತ್ತು ಎಳೆತವಾದರೆ ಬಲಕ್ಕೂ ಇಪ್ಪತ್ತೇ. ನೀರು ರೆಕ್ಕೆಯನ್ನು ಯಾವ ದಿಕ್ಕಿಗೆ ಬಿಟ್ಟು ಹೋಗುತ್ತದೆ ಎಂಬುದನ್ನು ಹಿಂದಿನ ಅಂಚೇ ನಿರ್ಧರಿಸುತ್ತದೆ. ಎತ್ತುಬಲದ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ ಎಂಬುದು ಜರ್ಮನಿಯ ಮಾರ್ಟಿನ್ ಕುಟ್ಟಾ 1902ರಲ್ಲಿ ಪ್ರಕಟಿಸಿದ ಕೆಲಸದಿಂದ ಈಚೆಗೆ ಗೊತ್ತಿರುವ ಮಾತು. ಬ್ಲೇಡ್ ಮಾಡುವ ಹಟದಲ್ಲಿ ಒಂದು ಕಡೆ ಹೆಚ್ಚು ಸವೆಸಿದರೆ ರೆಕ್ಕೆಯನ್ನು ತಿರುಚಿದಂತೆಯೇ. ಅಷ್ಟು ತೆಳುವಾದ ಅಂಚು ಮರಳಿಗೆ ತಾಗಿದರೂ ಚಕ್ಕೆ ಏಳುತ್ತದೆ, ಕಾಲಿಗೆ ತಾಗಿದರೆ ಹೊಲಿಗೆ ಹಾಕಿಸಬೇಕು.

ಇನ್ನು ಎದುರು ಪಕ್ಷದ ಬಲವಾದ ಮಾತಿಗೆ ಬರುತ್ತೇನೆ. ಒಲಿಂಪಿಕ್ ಮಟ್ಟದವರು ತಮ್ಮ ರೆಕ್ಕೆಯನ್ನು ಗಂಟೆಗಟ್ಟಲೆ ತಿಕ್ಕುವುದಿಲ್ಲವೇ ಅನ್ನುತ್ತಾರೆ. ತಿಕ್ಕುವವರಿದ್ದಾರೆ. ರೇಸಿನಲ್ಲಿ ಒಂದು ಮೀಟರ್ ಕೂಡ ದೊಡ್ಡದು, ಮೂಗಿನ ಮೇಲೆ ನೀರು ಕದಡದೆ ಇನ್ನಷ್ಟು ದೂರ ಹರಿಯಲಿ ಎಂಬ ಆಸೆ ನ್ಯಾಯವಾದದ್ದು. ಆದರೆ ಹರಿವನ್ನು ಕದಡಲು ಒಂಟಿ ಉಬ್ಬಾದರೂ 20 ನಾಟ್ ವೇಗದಲ್ಲಿ 60 ಮೈಕ್ರಾನ್ ಮಟ್ಟಕ್ಕೆ ಬರಬೇಕು. ಅಷ್ಟು ದೊಡ್ಡದನ್ನು 600ರ ಕಾಗದ ಉಳಿಸುವುದಿಲ್ಲ; ಉಳಿಸುವುದು ಕೆಟ್ಟದಾಗಿ ತುಂಬಿದ ಪುಟ್ಟಿ, ಒಣಗಿದ ಟೇಪಿನ ಅಂಟು, ತೊಳೆಯದೆ ಬಿಟ್ಟ ಪಾಚಿ. ಗಂಟೆಗಟ್ಟಲೆ ತಿಕ್ಕುವವರಿಗೆ ಲಾಭವಾಗಿದ್ದರೆ ಅದು ಉಬ್ಬುಗಳನ್ನು ಹುಡುಕಿ ತೆಗೆದದ್ದರಿಂದ ಆಗಿರಬೇಕು. ಎಲ್ಲರಿಗೂ ಒಂದೇ ಸಾಮಾನು ಎಂಬ ನಿಯಮದ ವರ್ಗಗಳಲ್ಲಿ ಆಕಾರ ಬದಲಿಸುವುದಕ್ಕೆ ಅವಕಾಶವೂ ಇಲ್ಲ, ಅತಿಯಾಗಿ ತಿಕ್ಕುವವರು ಆ ಗೆರೆ ದಾಟುವ ಅಪಾಯದಲ್ಲೇ ಇರುತ್ತಾರೆ.

“ನಾರು ಕಂಡರೆ ಎಸೆ” ಎಂಬ ಮೂರನೇ ಸಲಹೆ ನನಗೆ ಹೆಚ್ಚು ನೋವು ಕೊಡುವಂಥದು. ಒಂದು ಒಳ್ಳೆಯ ಮುಂದಿನ ರೆಕ್ಕೆಗೆ ಹಲವು ನೂರು ಯೂರೋ. ದುಡ್ಡಿನ ಮಾತು ಬದಿಗಿರಲಿ, ಗಟ್ಟಿಯಾದ ಎಪಾಕ್ಸಿಯನ್ನು ತಾಮ್ರ, ಹಿತ್ತಾಳೆಯಂತೆ ಮತ್ತೆ ಕರಗಿಸಿ ಎರಕ ಹೊಯ್ಯಲು ಬರುವುದಿಲ್ಲ. ಎಸೆದ ರೆಕ್ಕೆ ಹೂತುಹೋಗುತ್ತದೆ ಇಲ್ಲವೇ ಸುಟ್ಟುಹೋಗುತ್ತದೆ. ಒಂದು ಸಿಂಪಿಯ ಪೆಟ್ಟಿಗೆ ಇಷ್ಟು ದೊಡ್ಡ ಶಿಕ್ಷೆ ಬೇಕಿಲ್ಲ. ರೆಕ್ಕೆ ಬಾಗುವ ಒತ್ತಡವೆಲ್ಲ ನಡುವಿನಲ್ಲಿ, ದಂಡಕ್ಕೆ ಬೋಲ್ಟ್ ಹಾಕಿ ಬಿಗಿಯುವ ಜಾಗದಲ್ಲಿ ಸೇರುತ್ತದೆ. ತುದಿಯ ಕಡೆ ಹೋದಂತೆ ಕಡಿಮೆಯಾಗುತ್ತ ಹೋಗಿ ಇಲ್ಲದಾಗುತ್ತದೆ. ತುದಿಯಲ್ಲಿ ಕಡಲೆಕಾಳಿನಷ್ಟು ಕಿತ್ತುಹೋದರೂ ಬಲದ ಲೆಕ್ಕದಲ್ಲಿ ಅದು ದೊಡ್ಡ ವಿಷಯವಲ್ಲ, ನೀರು ಒಳಗೆ ಹೋಗದಂತೆ ಮುಚ್ಚಿದರೆ ಸಾಕು.

ನಿಜವಾಗಿ ಹೆದರಬೇಕಾದ ಜಾಗ ಬೇರೆ, ಅಲ್ಲಿಗೆ ಯಾರೂ ಟಾರ್ಚ್ ಹಿಡಿಯುವುದಿಲ್ಲ. ಬೋಲ್ಟ್ ತೂತಿನ ಸುತ್ತ ಕೂದಲೆಳೆಯಂಥ ಗೆರೆ ಇದೆಯೇ? ಕೂರುವ ಜಾಗದಲ್ಲಿ ಬಿಳಿ ಮಚ್ಚೆ ಎದ್ದಿದೆಯೇ? ಒಂದು ನಾಣ್ಯ ತೆಗೆದುಕೊಂಡು ರೆಕ್ಕೆಯ ಉದ್ದಕ್ಕೂ ಹಗುರವಾಗಿ ತಟ್ಟುತ್ತ ಬನ್ನಿ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ತಟ್ಟಿ ನೋಡುವುದಿಲ್ಲವೇ, ಹಾಗೆ. ಸರಿಯಿದ್ದ ಕಡೆ ಟಣ್ ಎಂಬ ಗಟ್ಟಿ ದನಿ; ಪದರ ಬಿಟ್ಟ ಕಡೆ ದನಿ ಮಂಕಾಗಿ ಬೊದ್ದು ಹೊಡೆಯುತ್ತದೆ. ವಿಮಾನದ ಕಾಂಪೋಸಿಟ್ ಭಾಗಗಳನ್ನು ಪರೀಕ್ಷಿಸುವವರೂ ಈ ತಟ್ಟುವ ವಿಧಾನವನ್ನು ಬಿಟ್ಟಿಲ್ಲ. ನಡುವಿನಲ್ಲಿ ಬೊದ್ದು ದನಿ ಕೇಳಿದರೆ, ಇಲ್ಲವೇ ಒಳಗೆ ಫೋಮ್ ಇರುವ ರೆಕ್ಕೆ ಒಣಗಿಸಿಟ್ಟ ಮೇಲೂ ಉಪ್ಪುನೀರು ಸೂಸುತ್ತಿದ್ದರೆ, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ತಿಳಿದವರ ಕೈಗೆ ಕೊಡಬೇಕು. ನೂರು ಕಿಲೋ ಭಾರ ಹೊತ್ತು ಓಡುವಾಗ ಆ ಗೆರೆ ಬಾಯಿಬಿಟ್ಟರೆ ಆಳು ಮುಂದಕ್ಕೆ ಎಸೆಯಲ್ಪಡುತ್ತಾನೆ, ಮುರಿದ ಕಾರ್ಬನ್ ಅಲ್ಲೇ ಪಕ್ಕದಲ್ಲಿರುತ್ತದೆ.

ಉಳಿದದ್ದು ನಿಜಕ್ಕೂ ಮನೆಯ ಕೆಲಸ. ಈ ವರ್ಷ ನನ್ನ ರೆಕ್ಕೆಯ ಎಡಮೂಗಿಗೆ ಬಿದ್ದ ಕಚ್ಚು 6 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ಆಳ. ಮೊದಲು ಸಿಹಿನೀರಿನಲ್ಲಿ ತೊಳೆದು ಎರಡು ದಿನ ಮನೆಯೊಳಗೆ, ಕಚ್ಚು ಕೆಳಗೆ ಬರುವಂತೆ ನಿಲ್ಲಿಸಿಟ್ಟೆ. ಒಳಗೆ ತೇವವಿದ್ದರೆ ಇಳಿಯಲಿ ಅಂತ. ಆ ಎರಡು ದಿನದಲ್ಲಿ ಅಚ್ಚು ಮಾಡಿಕೊಂಡೆ. ರೆಕ್ಕೆಯ ಎಡಬಲ ಕನ್ನಡಿಬಿಂಬದಂತಿರುವುದರಿಂದ ಪೆಟ್ಟು ಬೀಳದ ಬಲಭಾಗವೇ ಮೂಲಪ್ರತಿ. ನಡುವಿನಿಂದ ಅಳೆದು, ಕಚ್ಚು ಇರುವಷ್ಟೇ ದೂರದಲ್ಲಿ ಬಲಮೂಗಿಗೆ ಗಟ್ಟಿ ರಟ್ಟನ್ನು ಹಿಡಿದು, ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ, ಬೆಳಕು ನುಸುಳದ ಹಾಗೆ ಕೂರಿಸಿದೆ. ಅದೇ ರಟ್ಟನ್ನು ಮಗುಚಿ ಎಡಕ್ಕೆ ಹಿಡಿದರೆ ಎಷ್ಟು ಹೋಗಿದೆ, ಎಷ್ಟು ತುಂಬಬೇಕು ಕಣ್ಣೆದುರಿಗೇ ಇರುತ್ತದೆ. ಈ ಐದು ನಿಮಿಷದ ರಟ್ಟು ಇಲ್ಲದೆ ಕಾಗದ ಕೈಗೆತ್ತಿಕೊಳ್ಳಬಾರದು ಅನ್ನುವಷ್ಟು ನನಗೆ ಇದರ ಮೇಲೆ ನಂಬಿಕೆ.

ಸಡಿಲವಾದ ನಾರುಗಳನ್ನು ಬ್ಲೇಡಿನಿಂದ ಕತ್ತರಿಸಿ, ಕಚ್ಚಿನ ಒಳಮೈಯನ್ನು 120ರ ಕಾಗದದ ಮಡಿಕೆಯಿಂದ ತುಸು ಒರಟು ಮಾಡಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ. ಎಪಾಕ್ಸಿಯನ್ನೇ ಬಳಸಬೇಕು. ಮಲ್ಪೆಯಲ್ಲಿ ಫೈಬರ್ ದೋಣಿಗೆ ಹಾಕುವ ಪಾಲಿಯೆಸ್ಟರ್ ರೆಸಿನ್ ದೋಣಿಗೆ ಸರಿ. ಗಟ್ಟಿಯಾದ ಎಪಾಕ್ಸಿಯ ಮೇಲೆ ಅದು ಚೆನ್ನಾಗಿ ಹಿಡಿಯುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಡಬ್ಬಿಯ ಮೇಲೆ ಬರೆದ ಪ್ರಮಾಣಕ್ಕೆ ತೂಗಿ ಕಲಸಿದೆ. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬುದು ಸುಳ್ಳು, ಅಂಟಂಟಾಗಿಯೇ ಉಳಿಯುತ್ತದೆ. ಸಿಲಿಕಾ ಪುಡಿ ಸೇರಿಸುತ್ತ ಹೋದರೆ ಮೊದಲು ಜೇನಿನ ಹದ, ಆಮೇಲೆ ಕಡ್ಡಿ ಎತ್ತಿದರೆ ಇಳಿಯದ ಹದ. ಅದನ್ನು ಕಚ್ಚಿಗೆ ಒತ್ತಿ ತುಂಬಿ, ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪನ್ನು ಮೂಗಿನ ಸುತ್ತ ಬಿಗಿಯಾಗಿ ಎಳೆದು ಅಂಟಿಸಿದೆ. ಹೆಚ್ಚಿದ್ದದ್ದು ಬದಿಗೆ ಹರಿದು ಬಂತು, ಟೇಪು ಮೂಗಿನ ದುಂಡನ್ನು ತಾನೇ ಕೊಟ್ಟಿತು. ತಿಕ್ಕುವ ಕೆಲಸದ ಮುಕ್ಕಾಲು ಪಾಲು ಅಲ್ಲೇ ಉಳಿಯಿತು.

ಒಂದು ರಾತ್ರಿ, ಮರುದಿನ ಹಗಲು ಬೆಚ್ಚಗಿನ ಕೋಣೆಯಲ್ಲಿ. ಗ್ಯಾರೇಜಿನ 8 ಡಿಗ್ರಿಯಲ್ಲಿ ಇಟ್ಟರೆ ವಾರವಾದರೂ ಹದಕ್ಕೆ ಬಾರದು. ಗಟ್ಟಿಯಾದ ಮೇಲೆ ಮೈಮೇಲೆ ಮೇಣದಂಥ ಜಿಡ್ಡು ಕೂತಿರಬಹುದು, ಅದನ್ನು ಬರೀ ನೀರಿನಿಂದ ತೊಳೆಯಬೇಕು. ತೊಳೆಯದೆ ತಿಕ್ಕಿದರೆ ಕಾಗದ ಕಟ್ಟಿಕೊಳ್ಳುತ್ತದೆ. ಆಮೇಲೆ 320, 400, 600. ಒದ್ದೆ ಮಾಡಿಯೇ, ಮುಖಕ್ಕೆ ಮಾಸ್ಕ್ ಹಾಕಿಕೊಂಡೇ, ಕಾರ್ಬನ್ನಿನ ದೂಳು ಶ್ವಾಸಕೋಶಕ್ಕೆ ಹೋಗಬಾರದ ವಸ್ತು. ತುಂಬಿದ ಜಾಗದ ಎರಡೂ ಬದಿಗೆ ಟೇಪು ಹಚ್ಚಿ ಒಳ್ಳೆಯ ಮೈಯನ್ನು ಕಾಪಾಡುತ್ತ ತಿಕ್ಕಿದೆ, ಟೇಪು ಸವೆಯಲು ಶುರುವಾದ ಕೂಡಲೇ ಅದನ್ನು ಕಿತ್ತು ಕೊನೆಯ ಕೆಲವು ಕೈ 600ರಲ್ಲಿ. ನಡುನಡುವೆ ರಟ್ಟು ಹಿಡಿದು ನೋಡುವುದು, ಉಗುರು ಓಡಿಸುವುದು, ಟಾರ್ಚನ್ನು ಮೈಗೆ ಸಮನಾಗಿ ಮಲಗಿಸಿ ನೆರಳು ಬೀಳುತ್ತದೆಯೇ ನೋಡುವುದು. ಒಟ್ಟು ತಿಕ್ಕಿದ್ದು ಇಪ್ಪತ್ತು ನಿಮಿಷವೂ ಇರಲಾರದು.

ಇದನ್ನೆಲ್ಲ ಆ ಶನಿವಾರ ಸಂಜೆ ಗೆಳೆಯರಿಗೆ ಹೇಳಿದೆ. ಅವರು ತಮ್ಮ ರೆಕ್ಕೆಯ ಎಡಮೂಗಿಗೆ ರಟ್ಟು ಕತ್ತರಿಸಿ ಬಲಕ್ಕೆ ಮಗುಚಿ ಹಿಡಿದರು. ರಟ್ಟಿಗೂ ಮೂಗಿಗೂ ನಡುವೆ ಹಗಲಿನ ಬೆಳಕು ಗೆರೆಯಾಗಿ ಕಂಡಿತು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. “ಇಷ್ಟ್ ತಿಂದೇನೇನ್ರೀ ನಾ?” ಅಂದರು.

ಅವರ ಮನೆಯ ಊಟದ ಮೇಜಿನ ಮೇಲೆ ಎರಡು ಸಂಜೆ ಕೆಲಸ. ಮೊದಲು ಆ ಪಾಲಿಶ್ ತೆಗೆಯಲಿಕ್ಕೇ ಒಂದು ಗಂಟೆ ಬೇಕಾಯಿತು, ಮೂರು ಸಲ ಒರೆಸಿದರೂ ಹನಿ ಮಣಿಯಾಗಿಯೇ ನಿಲ್ಲುತ್ತಿತ್ತು. ಆಮೇಲೆ ಮೂಗಿನ ಆ ಗೇಣುದ್ದಕ್ಕೂ ಎಪಾಕ್ಸಿ ಕಟ್ಟಿ, ಟೇಪು ಎಳೆದು, ರಟ್ಟಿಗೆ ಹೊಂದುವ ತನಕ ಇಳಿಸಿದೆವು. ಸಿಲಿಕಾ ಸೇರಿದ ಎಪಾಕ್ಸಿ ಬೂದಿಬಣ್ಣ. ಕನ್ನಡಿಯಂಥ ಕಪ್ಪಿನ ನಡುವೆ ಆ ಪಟ್ಟಿ ದೂರದಿಂದಲೇ ಎದ್ದು ಕಾಣುತ್ತಿತ್ತು. ಕಪ್ಪು ಪೇಂಟ್ ಹೊಡೆಯೋಣ ಎಂದು ಅವರು ಡಬ್ಬಿ ತಂದಿಟ್ಟಿದ್ದರು. ಮೊದಲು ಒಂದು ಸಲ ನೀರಿಗೆ ಇಳಿಸಿ ಬರೋಣ ಅಂದೆ. ಮುಂದಿನ ಶನಿವಾರ 13 ನಾಟ್ ಗಾಳಿಗೆ ಬೋರ್ಡು ಎದ್ದಿತು, ಎರಡೂ ಕಾಲಿಗೆ ಸಮನಾಗಿ. ಆ ಡಬ್ಬಿ ಇನ್ನೂ ಒಡೆದಿಲ್ಲ, ಅವರ ಶೆಲ್ಫಿನ ಮೇಲಿದೆ.